ಪಾಲಿಅಮೊರಿ: ಪೇಪರ್ ಹೇಳಿದ್ದು, ನಮ್ಮ ನೋಟ್‌ಬುಕ್ ಹೇಳಿದ್ದು

ಸಂಪಾದಕರಿಗೆ ನಮಸ್ಕಾರ.

ಪಾಲಿಅಮೊರಿ, ಅಂದರೆ ಎಲ್ಲರ ಒಪ್ಪಿಗೆಯಿಂದ ಒಬ್ಬರಿಗಿಂತ ಜಾಸ್ತಿ ಜನರನ್ನು ಪ್ರೀತಿಸುವುದರ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಹೀಗೆ ಬದುಕುವವರೂ ಒಬ್ಬರೇ ಸಂಗಾತಿ ಇರುವವರಷ್ಟೇ ತೃಪ್ತಿಯಿಂದ ಇದ್ದಾರೆ ಅನ್ನುವ ಸಂಶೋಧನೆಯ ಸುದ್ದಿ ಅದು. ಅದಕ್ಕೆ ಬಂದ ಎರಡು ಪತ್ರಗಳನ್ನೂ ಓದಿದೆ. ಒಬ್ಬರು ‘ಸಂಶೋಧನೆಯೇ ಹೇಳಿದ ಮೇಲೆ ಇನ್ನೇನು ವಾದ?’ ಎಂದು ಕೇಳಿದ್ದರು. ಇನ್ನೊಬ್ಬರು ‘ನನ್ನ ಕಣ್ಣೆದುರೇ ಒಂದು ಸಂಸಾರ ಮುರಿದುಬಿತ್ತು, ಯಾವ ಸಂಶೋಧನೆ ಬಂದು ಅದನ್ನು ಜೋಡಿಸುತ್ತೆ?’ ಎಂದು ಬರೆದಿದ್ದರು. ಇಬ್ಬರ ಮಾತೂ ನನಗೆ ಚೆನ್ನಾಗಿ ಗೊತ್ತು. ನಾಲ್ಕು ವರ್ಷದ ಹಿಂದೆ ನಮ್ಮ ಮನೆಯಲ್ಲಿ ಇದೇ ಮಾತು ನಡೆದಿತ್ತು. ಮೊದಲನೆಯದನ್ನು ಆಡಿದವಳು ನಾನು, ಎರಡನೆಯದನ್ನು ಆಡಿದವರು ನನ್ನ ಗಂಡ. ಇಬ್ಬರೂ ಎಡವಿದ್ದೆವು. ಅದನ್ನು ಬರೆದು ಕಳಿಸೋಣ ಅನಿಸಿತು. ಪತ್ರ ಉದ್ದವಾದರೆ ಕ್ಷಮಿಸಿ.

ನನಗೆ 44 ವರ್ಷ. ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುತ್ತೇನೆ. ಮದುವೆಯಾಗಿ 18 ವರ್ಷ. ಗಂಡ ಒಂದು ಕಾರ್ಖಾನೆಯಲ್ಲಿ ಯಂತ್ರಗಳ ರಿಪೇರಿ ವಿಭಾಗ ನೋಡಿಕೊಳ್ಳುತ್ತಾರೆ. ನಮಗೆ ಮಕ್ಕಳಿಲ್ಲ. ಇದ್ದಿದ್ದರೆ ಈ ಪತ್ರವೇ ಬೇರೆ ಆಗಿರುತ್ತಿತ್ತು. ಹಾಗಾಗಿ ಮಕ್ಕಳ ವಿಷಯಕ್ಕೆ ನಾನು ಕೈ ಹಾಕುವುದಿಲ್ಲ.

ನಾಲ್ಕು ವರ್ಷದ ಹಿಂದೆ ನನಗೆ ಇನ್ನೊಬ್ಬರ ಮೇಲೆ ಪ್ರೀತಿ ಹುಟ್ಟಿತು. ಗಂಡನ ಮೇಲಿನ ಪ್ರೀತಿ ಒಂದು ಚೂರೂ ಕಮ್ಮಿಯಾಗಿರಲಿಲ್ಲ. ಕದ್ದುಮುಚ್ಚಿ ಏನೂ ಬೇಡ ಅಂತ ನಿರ್ಧಾರ ಮಾಡಿ, ಏನಾದರೂ ನಡೆಯುವ ಮುಂಚೆಯೇ ಅವರಿಗೆ ಹೇಳಿಬಿಟ್ಟೆ. ಪಾಲಿಅಮೊರಿ ಅಂದರೆ ಇದೇ ಅಲ್ವಾ? ಎಲ್ಲರಿಗೂ ಗೊತ್ತಿದ್ದು, ಎಲ್ಲರೂ ಒಪ್ಪಿ, ಒಬ್ಬರಿಗಿಂತ ಜಾಸ್ತಿ ಜನರನ್ನು ಪ್ರೀತಿಸುವುದು. ಬಹುಪತ್ನಿತ್ವಕ್ಕೂ ಇದಕ್ಕೂ ಸಂಬಂಧವಿಲ್ಲ. ಗುಟ್ಟಿನ ಸಂಬಂಧವಂತೂ ಅಲ್ಲವೇ ಅಲ್ಲ. ಗ್ರೀಕಿನ ‘ಪಾಲಿ’ಗೆ ಲ್ಯಾಟಿನ್ನಿನ ‘ಅಮೋರ್’ ಸೇರಿಸಿ ಮಾಡಿದ ಪದ ಇದು. 1990ರಲ್ಲಿ ಅಮೆರಿಕದ ಮಾರ್ನಿಂಗ್ ಗ್ಲೋರಿ ಝೆಲ್ ರೇವನ್‌ಹಾರ್ಟ್ ಬರೆದ ಒಂದು ಲೇಖನದಿಂದ ಹರಡಿತು. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿಗೆ ಸೇರಿದ್ದು 2006ರಲ್ಲಿ. ಪದವೇ ಇಷ್ಟು ಹೊಸದು ಅಂದ ಮೇಲೆ ಅದರ ಮೇಲಿನ ಸಂಶೋಧನೆ ಇನ್ನೂ ಎಳೆಯದು. ಆಗ ನಾನು ಇದನ್ನು ಮರೆತಿದ್ದೆ.

ನನ್ನ ಮಾತು ಕೇಳಿ ಅವರು ಕೂಗಾಡಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಯೋಚನೆ ಮಾಡೋಕೆ ಟೈಮ್ ಕೊಡು’ ಅಂದರು. ನಾನು ಟೈಮ್ ಕೊಡಲಿಲ್ಲ, ಪೇಪರ್ ಕೊಟ್ಟೆ.

ಮಿಶಿಗನ್ ವಿಶ್ವವಿದ್ಯಾಲಯದ ಟೆರಿ ಕಾನ್ಲಿ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಸಂಶೋಧನಾ ಪೇಪರ್ ಅದು. 25 ವರ್ಷ ದಾಟಿದ 2,124 ಜನರನ್ನು ಕೇಳಿದ್ದರು. ಅವರಲ್ಲಿ 617 ಮಂದಿ ಪರಸ್ಪರ ಒಪ್ಪಿಗೆಯಿಂದ ಒಬ್ಬರಿಗಿಂತ ಜಾಸ್ತಿ ಸಂಗಾತಿಗಳನ್ನು ಇಟ್ಟುಕೊಂಡವರು. ಸಂಬಂಧದ ತೃಪ್ತಿ, ಬದ್ಧತೆ ಎಲ್ಲ ಇವರಲ್ಲೂ, ಒಬ್ಬರೇ ಸಂಗಾತಿ ಇರುವ ಉಳಿದವರಲ್ಲೂ ಹೆಚ್ಚುಕಮ್ಮಿ ಒಂದೇ. ಹೊಟ್ಟೆಕಿಚ್ಚು ಈ 617 ಜನರಲ್ಲೇ ಕಮ್ಮಿ, ನಂಬಿಕೆ ಇವರಲ್ಲೇ ಜಾಸ್ತಿ. ನನಗೆ ಬೇಕಾದ ಸಾಲುಗಳಿಗೆಲ್ಲ ಹಳದಿ ಬಣ್ಣ ಬಳಿದು, ಪ್ರಿಂಟ್ ತೆಗೆದು, ಅವರ ತಿಂಡಿ ತಟ್ಟೆಯ ಪಕ್ಕ ಇಟ್ಟೆ.

ಎರಡು ರಾತ್ರಿ ಕೂತು ಅವರು ಪೂರ್ತಿ ಓದಿದರು. ಹಳದಿ ಇಲ್ಲದ ಸಾಲುಗಳನ್ನೂ ಓದಿದರು. ಮೂರನೇ ದಿನ ಪ್ರಿಂಟ್ ನನ್ನ ಮೇಜಿನ ಮೇಲಿತ್ತು. 617ರ ಸುತ್ತ ಪೆನ್ಸಿಲ್‌ನಲ್ಲಿ ಒಂದು ಸುತ್ತು. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ: ‘ಮಾಡಿ ನೋಡಿ ಬಿಟ್ಟವರು ಇದರಲ್ಲಿ ಇದ್ದಾರಾ?’

ಸಂಪಾದಕರೇ, ನಾನು ಪ್ರತಿ ವರ್ಷ ತರಗತಿಯಲ್ಲಿ ಅಬ್ರಹಾಂ ವಾಲ್ಡ್ ಎಂಬ ಸಂಖ್ಯಾಶಾಸ್ತ್ರಜ್ಞರ ಕಥೆ ಹೇಳುತ್ತೇನೆ. ಎರಡನೇ ಮಹಾಯುದ್ಧದ ಕಾಲದಲ್ಲಿ ವಾಪಸ್ ಬಂದ ವಿಮಾನಗಳ ಮೇಲೆ ಗುಂಡಿನ ತೂತು ಎಲ್ಲೆಲ್ಲಿವೆ ಅಂತ ಲೆಕ್ಕ ಹಾಕುತ್ತಿದ್ದರು. ತೂತು ಜಾಸ್ತಿ ಇರುವ ಕಡೆ ತಗಡು ದಪ್ಪ ಮಾಡಬೇಕು ಅಂತ ಯಾರಿಗಾದರೂ ಅನಿಸುತ್ತೆ. ಆದರೆ ಲೆಕ್ಕಕ್ಕೆ ಸಿಕ್ಕಿರುವುದು ವಾಪಸ್ ಬಂದ ವಿಮಾನಗಳು ಮಾತ್ರ. ಬಿದ್ದುಹೋದವು ಲೆಕ್ಕಕ್ಕೆ ಬರಲೇ ಇಲ್ಲ. ಅವನ್ನೂ ಸೇರಿಸಿ ಯೋಚಿಸಬೇಕು ಅಂತ ತೋರಿಸಿಕೊಟ್ಟವರು ವಾಲ್ಡ್. ಇಷ್ಟೆಲ್ಲ ಪಾಠ ಮಾಡುವ ನನಗೆ ಹೊಳೆಯದ ಪ್ರಶ್ನೆ, ದಿನವೂ ಕೆಟ್ಟ ಯಂತ್ರ ನೋಡುವ ಅವರಿಗೆ ಹೊಳೆಯಿತು. ಇವತ್ತು ಸಂಬಂಧದಲ್ಲಿ ಇರುವವರನ್ನು ಕೇಳಿದರೆ, ಇವತ್ತಿನವರೆಗೂ ಅದರಲ್ಲಿ ಉಳಿದವರ ಉತ್ತರವೇ ಬರುತ್ತೆ. ಇದು ಒಬ್ಬನೇ ಸಂಗಾತಿ ಇರುವವರಿಗೂ ಅನ್ವಯಿಸುತ್ತೆ, ನಿಜ. ಮುರಿದ ಮದುವೆಗಳೂ ಆ ಲೆಕ್ಕದಲ್ಲಿ ಇರುವುದಿಲ್ಲ. ಆದರೆ ನಾನು ಆ ಪೇಪರನ್ನು ಹೋಲಿಕೆಗೆ ಅಂತ ಕೊಟ್ಟಿರಲಿಲ್ಲ. ‘ನಮಗೇನೂ ಆಗಲ್ಲ’ ಅನ್ನುವುದಕ್ಕೆ ಗ್ಯಾರಂಟಿ ಕಾರ್ಡ್ ಅಂತ ಕೊಟ್ಟಿದ್ದೆ.

ಇನ್ನೂ ಒಂದು ತಪ್ಪು ಮಾಡಿದ್ದೆ. ಅದನ್ನು ಹೇಳದೆ ಮುಂದೆ ಹೋದರೆ ಈ ಪತ್ರಕ್ಕೆ ಅರ್ಥವಿಲ್ಲ. ಆಗ ನನ್ನ ಹತ್ತಿರ ಇನ್ನೊಂದು ಪೇಪರೂ ಇತ್ತು. ಏಮಿ ಮೂರ್ಸ್ ಮತ್ತು ಜೊತೆಗಾರರು 2021ರಲ್ಲಿ ಪ್ರಕಟಿಸಿದ್ದು. ಅಮೆರಿಕದ 3,438 ಒಂಟಿ ವಯಸ್ಕರನ್ನು ಕೇಳಿದ್ದರು. ಆರರಲ್ಲಿ ಒಬ್ಬರಿಗೆ ಪಾಲಿಅಮೊರಿ ಬೇಕು ಅನ್ನುವ ಆಸೆ ಇತ್ತು. ಒಂಬತ್ತರಲ್ಲಿ ಒಬ್ಬರು ಯಾವಾಗಲೋ ಒಮ್ಮೆ ಅದರಲ್ಲಿ ಇದ್ದವರು. ಇಷ್ಟನ್ನು ನಾನು ಗಂಡನಿಗೆ ಹೇಳಿದ್ದೆ. ಅದೇ ಪೇಪರಿನಲ್ಲಿ ಇನ್ನೊಂದು ಅಂಕಿ ಇತ್ತು: ಒಮ್ಮೆ ಮಾಡಿ ನೋಡಿದವರಲ್ಲಿ ‘ಮತ್ತೆ ಮಾಡುತ್ತೇವೆ’ ಅಂದವರು ಶೇಕಡ 30.4 ಮಾತ್ರ. ಅದನ್ನು ಹೇಳಲಿಲ್ಲ. ವಿದ್ಯಾರ್ಥಿ ಯಾರಾದರೂ ಹೀಗೆ ಬೇಕಾದ ಅಂಕಿ ಮಾತ್ರ ಆರಿಸಿ ತಂದರೆ ನಾನು ಮಾರ್ಕ್ಸ್ ಕಳೆಯುತ್ತೇನೆ.

ಆ 30.4ಕ್ಕೂ ಒಂದು ಮಿತಿ ಇದೆ. ಕೇಳಿದ್ದು ಒಂಟಿಯಾಗಿದ್ದವರನ್ನು. ಅಂದರೆ ಪಾಲಿಅಮೊರಿಯಲ್ಲಿ ನೆಮ್ಮದಿಯಾಗಿ ನೆಲೆ ನಿಂತವರು ಬಹುಪಾಲು ಆ ಲೆಕ್ಕಕ್ಕೆ ಬಂದಿರಲಿಕ್ಕಿಲ್ಲ. ಒಂದು ಪೇಪರಿನಲ್ಲಿ ಬಿಟ್ಟವರು ಇಲ್ಲ, ಇನ್ನೊಂದರಲ್ಲಿ ಉಳಿದವರು ಇಲ್ಲ. ಎರಡನ್ನೂ ಒಟ್ಟಿಗೆ ಮೇಜಿನ ಮೇಲೆ ಇಟ್ಟಿದ್ದರೆ ನಮ್ಮ ಮಾತುಕತೆ ಬೇರೆ ದಾರಿ ಹಿಡಿಯುತ್ತಿತ್ತು.

ಈಗ ಅವರ ಕಡೆಯ ಮಾತು. ಅವರಿಗೆ ಪೇಪರ್ ಬೇಕಿರಲಿಲ್ಲ, ಅವರ ಹತ್ತಿರ ಒಬ್ಬ ಸ್ನೇಹಿತ ಇದ್ದ. ಆ ಸ್ನೇಹಿತನ ಮನೆಯಲ್ಲಿ ಹೀಗೇ ಏನೋ ಆಗಿ, ಗಂಡ ಹೆಂಡತಿ ಬೇರೆಯಾದರು. ಸ್ನೇಹಿತ ರಾತ್ರಿ ಹನ್ನೊಂದಕ್ಕೆ ನಮ್ಮ ಮನೆಗೆ ಬಂದು, ಚಪ್ಪಲಿ ಬಿಚ್ಚುವುದನ್ನೂ ಮರೆತು, ಸೋಫಾ ಮೇಲೆ ಕೂತು ಅತ್ತಿದ್ದ. ಅದನ್ನು ನಾನೂ ನೋಡಿದ್ದೆ. ‘ಇದಕ್ಕಿಂತ ದೊಡ್ಡ ಸಾಕ್ಷಿ ಇನ್ನೇನು ಬೇಕು?’ ಅಂದರು ಇವರು. ಒಬ್ಬ ಮನುಷ್ಯ ಎದುರಿಗೆ ಕೂತು ಅತ್ತರೆ 2,124 ಜನರ ಉತ್ತರ ಮಸುಕಾಗಿಬಿಡುತ್ತೆ. ನಮ್ಮ ಮನಸ್ಸು ಇರುವುದೇ ಹಾಗೆ, ಅದರಲ್ಲಿ ಅವಮಾನ ಏನಿಲ್ಲ.

ಆದರೆ ಮುಂದೊಂದು ದಿನ ನಿಧಾನವಾಗಿ ಕೂತು ಮಾತಾಡಿದಾಗ ಅವರೇ ನೆನಪು ಮಾಡಿಕೊಂಡರು. ಆ ಮನೆಯಲ್ಲಿ ವಿಷಯ ಬಯಲಿಗೆ ಬರುವ ಮುಂಚೆ ತುಂಬಾ ದಿನ ಗುಟ್ಟಾಗಿ ನಡೆದಿತ್ತು. ಸಿಕ್ಕಿಬಿದ್ದ ಮೇಲೆ ಅದಕ್ಕೆ ಹೊಸ ಹೆಸರು ಕೊಟ್ಟಿದ್ದರು. ಒಪ್ಪಿಗೆ ಕೇಳಿದ್ದು ಆಮೇಲೆ. ಅದು ಪಾಲಿಅಮೊರಿಯ ಕಥೆಯೇ ಅಲ್ಲ, ನಂಬಿಕೆ ಮುರಿದ ಕಥೆ. ನಾನು ಅಂಕಿ ಆರಿಸಿದ ಹಾಗೆ, ಅವರು ಕಥೆ ಆರಿಸಿದ್ದರು.

ಹಾಗಾದರೆ ಸಂಶೋಧನೆಯಿಂದ ಉಪಯೋಗವೇ ಇಲ್ಲವಾ ಅಂತ ಕೇಳಬಹುದು. ಇದೆ. ನನಗಂತೂ ತುಂಬಾ ಆಯಿತು. ಮೊದಲ ವಾರಗಳಲ್ಲಿ ನನ್ನಲ್ಲೇ ಏನೋ ಕೆಟ್ಟಿದೆ ಅನ್ನುವ ಭಯ ನನಗಿತ್ತು. ಕನ್ನಡಿ ಮುಂದೆ ನಿಂತು ತಲೆ ಬಾಚಿಕೊಳ್ಳುವಾಗ ನನ್ನ ಕಣ್ಣು ನಾನೇ ತಪ್ಪಿಸುತ್ತಿದ್ದೆ. ಆಗ 2017ರ ಇನ್ನೊಂದು ಅಧ್ಯಯನ ಓದಿದೆ. ಅಮೆರಿಕದ ಒಂಟಿ ವಯಸ್ಕರ ಎರಡು ದೊಡ್ಡ ಸಮೀಕ್ಷೆಗಳಲ್ಲಿ ಐದರಲ್ಲಿ ಒಬ್ಬರಿಗಿಂತ ಜಾಸ್ತಿ ಜನ, ಜೀವನದಲ್ಲಿ ಯಾವಾಗಲಾದರೂ ಒಮ್ಮೆ ಒಪ್ಪಿಗೆಯ ಮುಕ್ತ ಸಂಬಂಧದಲ್ಲಿ, ಅಂದರೆ ಸಂಗಾತಿಗೆ ಗೊತ್ತಿದ್ದೇ ಬೇರೆಯವರ ಜೊತೆಗೂ ಇರಬಹುದಾದ ಸಂಬಂಧದಲ್ಲಿದ್ದೆವು ಅಂದಿದ್ದರು. ನಾನೊಬ್ಬಳೇ ಅಲ್ಲ ಅಂತ ಗೊತ್ತಾದ ರಾತ್ರಿ ಬಹಳ ದಿನದ ಮೇಲೆ ಚೆನ್ನಾಗಿ ನಿದ್ದೆ ಬಂತು.

ನೀವು ಪ್ರಕಟಿಸಿದ ಲೇಖನದ ಆಧಾರ 2025ರ ಅಧ್ಯಯನ. ಆಸ್ಟ್ರೇಲಿಯಾದ ಲಾ ಟ್ರೋಬ್ ವಿಶ್ವವಿದ್ಯಾಲಯದ ಜೋಯಲ್ ಆಂಡರ್ಸನ್ ಮತ್ತು ಸಂಗಡಿಗರು 35 ಅಧ್ಯಯನಗಳನ್ನು, 24,489 ಜನರ ಉತ್ತರಗಳನ್ನು ಒಟ್ಟು ಸೇರಿಸಿ ನೋಡಿದರು. ಸಂಬಂಧದ ತೃಪ್ತಿಯಲ್ಲಾಗಲಿ, ಲೈಂಗಿಕ ತೃಪ್ತಿಯಲ್ಲಾಗಲಿ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಇದು ಸಣ್ಣ ಮಾತಲ್ಲ. ‘ಇದರಲ್ಲಿ ಯಾರೂ ಸುಖವಾಗಿರೋಕೆ ಸಾಧ್ಯವೇ ಇಲ್ಲ’ ಅಂತ ಯಾರಾದರೂ ಹೇಳಿದರೆ, ಅದು ಎಲ್ಲರ ಬಗ್ಗೆ ಆಡಿದ ಮಾತು. ಎಲ್ಲರ ಬಗ್ಗೆ ಆಡಿದ ಮಾತಿಗೆ ಎಲ್ಲರ ಲೆಕ್ಕವೇ ಉತ್ತರ ಕೊಡಬೇಕು. ಆ ಉತ್ತರ ಈಗ ಸಿಕ್ಕಿದೆ. ಇಂಥವರಿಗೆ ತಲೆ ಕೆಟ್ಟಿದೆ, ಇವರಿಗೆ ಪ್ರೀತಿಯೇ ಗೊತ್ತಿಲ್ಲ ಅನ್ನುವವರು ಇನ್ನು ಮೇಲೆ ಸ್ವಲ್ಪ ತಡೆದು ಮಾತಾಡಬೇಕು. ಈ ವಿಷಯದಲ್ಲಿ ನಿಮ್ಮ ಲೇಖನದ ಪರ ನಾನಿದ್ದೇನೆ, ಗಟ್ಟಿಯಾಗಿ ಇದ್ದೇನೆ.

ಆದರೆ ‘ನಾವಿಬ್ಬರು ಸುಖವಾಗಿರುತ್ತೇವಾ?’ ಅನ್ನುವುದು ಬೇರೆ ಪ್ರಶ್ನೆ. 24,489 ಜನರಲ್ಲಿ ನನ್ನ ಗಂಡ ಇಲ್ಲ. ರಾತ್ರಿ ಹೊತ್ತು ಗೇಟಿನ ಸದ್ದಿಗೆ ಅವರ ಎದೆ ಹೇಗೆ ಹೊಡೆದುಕೊಳ್ಳುತ್ತೆ ಅನ್ನುವುದು ಯಾವ ಸರಾಸರಿಯಲ್ಲೂ ಇಲ್ಲ. ಜೊತೆಗೆ, ಇಂಥ ಅಧ್ಯಯನಗಳಿಗೆ ಉತ್ತರ ಕೊಟ್ಟವರು ಯಾರು ಅನ್ನುವುದನ್ನೂ ನೋಡಬೇಕು. 2011ರಲ್ಲಿ ಎಲಿಸಬೆತ್ ಶೆಫ್ ಮತ್ತು ಕೋರಿ ಹ್ಯಾಮರ್ಸ್ ಅಲ್ಲಿಯವರೆಗಿನ 36 ಅಧ್ಯಯನಗಳನ್ನು ನೋಡಿ ಹೇಳಿದ್ದರು: ಭಾಗವಹಿಸಿದವರು ಹೆಚ್ಚಾಗಿ ಬಿಳಿಯರು, ಮಧ್ಯಮ ವರ್ಗದವರು, ಚೆನ್ನಾಗಿ ಓದಿದವರು. ಕೆಲಸ ಹೋದರೂ ಇನ್ನೊಂದು ಹುಡುಕಿಕೊಳ್ಳಬಲ್ಲವರು, ಮನೆ ಬಿಡಬೇಕಾದರೆ ಬೇರೆ ಮನೆ ಮಾಡಬಲ್ಲವರು ಅಂತ ನಾನು ಅರ್ಥ ಮಾಡಿಕೊಳ್ಳುತ್ತೇನೆ. ಹಾಗೆ ಇರುವವರಿಗೆ ‘ಬೇಡ’ ಅನ್ನುವುದೂ ಸುಲಭ, ‘ಹೂಂ’ ಅನ್ನುವುದೂ ಸುಲಭ.

ಎರಡು ತಿಂಗಳು ಮಾತಾಡಿದ ಮೇಲೆ ಅವರು ‘ನೋಡೋಣ’ ಅಂದರು. ಒಂದು ಷರತ್ತು ಹಾಕಿದರು. ‘ನಿನ್ನ ಪೇಪರ್ ಬೇಡ, ನನ್ನ ಸ್ನೇಹಿತನೂ ಬೇಡ. ನಮ್ಮದೇ ಲೆಕ್ಕ ಇಡೋಣ.’ ಕಾರ್ಖಾನೆಯಲ್ಲಿ ಪ್ರತಿ ಯಂತ್ರಕ್ಕೂ ಒಂದು ದಾಖಲೆ ಪುಸ್ತಕ ಇರುತ್ತಂತೆ. ಯಂತ್ರ ಕೆಟ್ಟ ದಿನವೇ ಬರೆಯಬೇಕು, ವಾರ ಬಿಟ್ಟು ಬರೆದರೆ ಎಲ್ಲರೂ ತಮಗೆ ಅನುಕೂಲವಾದ ಹಾಗೆ ಬರೆಯುತ್ತಾರೆ ಅಂದರು.

ಎರಡು ನೋಟ್‌ಬುಕ್ ತಂದೆವು. ಪ್ರತಿ ಭಾನುವಾರ ರಾತ್ರಿ ಬೇರೆ ಬೇರೆ ಕೋಣೆಯಲ್ಲಿ ಕೂತು, ಆ ವಾರಕ್ಕೆ 10ಕ್ಕೆ ಇಷ್ಟು ಅಂತ ಒಂದು ಅಂಕ, ಕೆಳಗೆ ಮೂರು ಸಾಲು. ಮೂರು ತಿಂಗಳು ಒಬ್ಬರದನ್ನು ಒಬ್ಬರು ನೋಡುವ ಹಾಗಿಲ್ಲ. ಗುರುವಾರ ಸಂಜೆ ನಾನು ಆ ಇನ್ನೊಬ್ಬರ ಜೊತೆ ಇರುವುದು ಅಂತ ಗೊತ್ತು ಮಾಡಿಕೊಂಡೆವು.

ಮೂರು ತಿಂಗಳಾಯಿತು. ಪುಸ್ತಕ ಬದಲಾಯಿಸಿಕೊಳ್ಳುವ ಮುಂಚೆ ನಾನು ಕೇಳಿದೆ, ‘ಒಟ್ಟಾರೆ ಚೆನ್ನಾಗೇ ಹೋಯ್ತು ಅಲ್ವಾ?’ ಅವರು ತಲೆಯಾಡಿಸಿದರು. ನನಗೆ ನಿಜವಾಗಿಯೂ ಹಾಗೇ ಅನಿಸಿತ್ತು. ನನ್ನ ಪುಟಗಳಲ್ಲಿ 8, 8, 7, 9. ಅವರ ಪುಸ್ತಕ ತೆರೆದೆ. 5, 4, 4, 6, 3.

ಆ 3ರ ಕೆಳಗೆ ಹೀಗೆ ಬರೆದಿದ್ದರು: ‘ಗುರುವಾರ ರಾತ್ರಿ ಅವಳು ಬರೋ ಹೊತ್ತಿಗೆ ಎದ್ದಿರಬೇಕೋ ಮಲಗಿರಬೇಕೋ ಗೊತ್ತಾಗಲಿಲ್ಲ. ಎದ್ದಿದ್ದರೆ ಕಾಯ್ತಿದ್ದ ಹಾಗಾಗುತ್ತೆ. ದೀಪ ಆರಿಸಿ, ನಿದ್ದೆ ಬಂದವನ ಹಾಗೆ ಗೋಡೆ ಕಡೆ ತಿರುಗಿ ಮಲಗಿದೆ.’

ನನ್ನ ಪುಸ್ತಕದಲ್ಲಿ ಅದೇ ವಾರ ಹುಡುಕಿದೆ. 9 ಹಾಕಿದ್ದೆ. ಕೆಳಗೆ: ‘ಗುರುವಾರ ಬರುವಾಗ ತಡವಾಯ್ತು. ಅವರು ಆರಾಮಾಗಿ ನಿದ್ದೆ ಮಾಡ್ತಿದ್ದರು. ನೋಡಿ ಸಮಾಧಾನ ಆಯ್ತು.’

ಎರಡೂ ಪುಟಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ. ಅವರು ಎದ್ದು ಹೋಗಿ ನೀರು ತಂದುಕೊಟ್ಟರು. ‘ನಿನ್ನ ತಪ್ಪಲ್ಲ, ನಾನೇ ತೋರಿಸಲಿಲ್ಲ’ ಅಂದರು. ಅಲ್ಲಿಯವರೆಗೆ ‘ನಮ್ಮ ಅನುಭವ’ ಅಂತ ನಾನು ಏನನ್ನು ಹೇಳುತ್ತಿದ್ದೆನೋ ಅದು ನನ್ನದು ಮಾತ್ರ ಆಗಿತ್ತು. ಯಾರಾದರೂ ಸಂಶೋಧಕರು ಆ ವಾರ ನನಗೆ ಪ್ರಶ್ನಾವಳಿ ಕಳಿಸಿದ್ದರೆ, ‘ನಿಮ್ಮ ಸಂಬಂಧ ಹೇಗಿದೆ?’ ಅನ್ನುವುದಕ್ಕೆ ‘ತುಂಬಾ ಚೆನ್ನಾಗಿದೆ’ ಅಂತ ಗುರುತು ಹಾಕಿ ಕಳಿಸುತ್ತಿದ್ದೆ. ಸುಳ್ಳಲ್ಲ, ಮನಸಾರೆ ಹಾಕುತ್ತಿದ್ದೆ. ಈ ವಿಷಯದ ಹೆಚ್ಚಿನ ಅಧ್ಯಯನಗಳಲ್ಲಿ ಒಂದು ಸಂಬಂಧದಿಂದ ಉತ್ತರ ಕೊಡುವುದು ಒಬ್ಬರೇ. ಇನ್ನೊಂದು ಪುಸ್ತಕ ತೆರೆದು ನೋಡಿದವರು ಕಮ್ಮಿ.

ಆ ದಿನವೇ ನಿಲ್ಲಿಸೋಣ ಅಂದೆ. ಅವರು ಬೇಡ ಅಂದರು. ‘ಇನ್ನು ಮೂರು ತಿಂಗಳು ನೋಡೋಣ, ಆದರೆ ಈಗ ತಿಂಗಳಿಗೊಮ್ಮೆ ಬದಲಾಯಿಸಿಕೊಳ್ಳೋಣ.’ ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ನಮ್ಮ ನೋಟ್‌ಬುಕ್ ಬರೀ ‘ಬೇಡ’ ಅನ್ನಲಿಲ್ಲ. ಎಂಟನೇ ತಿಂಗಳ ಹೊತ್ತಿಗೆ ಅವರ ಪುಟದಲ್ಲಿ 7, 7, 8 ಬಂದಿತ್ತು. ‘ಈಗ ಗುರುವಾರ ನನ್ನದು. ಹಳೇ ರೇಡಿಯೋ ಬಿಚ್ಚಿ ಕೂತರೆ ಯಾರೂ ಕರೆಯಲ್ಲ’ ಅಂತ ಒಂದು ವಾರ ಬರೆದಿದ್ದರು. ನಾನು ಬಂದಾಗ ದೀಪ ಉರಿಯುತ್ತಿತ್ತು, ಮೇಜಿನ ತುಂಬಾ ಸ್ಕ್ರೂ ಹರಡಿರುತ್ತಿತ್ತು, ಅವರು ತಲೆ ಎತ್ತಿ ‘ಊಟ ಆಯ್ತಾ?’ ಅನ್ನುತ್ತಿದ್ದರು. ಅವರು ಮೊದಲು ಹೆದರಿದ್ದು ದೇಹದ ವಿಷಯಕ್ಕೆ. ಅದು ಅಂದುಕೊಂಡಷ್ಟು ಕಾಡಲಿಲ್ಲವಂತೆ. ಕಾಡಿದ್ದು ಬೇರೆ. ಬಾಲ್ಕನಿಯಲ್ಲಿ ನಾನು ಫೋನಿನಲ್ಲಿ ನಗುವುದು ಕೇಳಿಸಿದರೆ ಹೊಟ್ಟೆಯಲ್ಲಿ ಏನೋ ಹಿಂಡಿದ ಹಾಗಾಗುತ್ತಿತ್ತಂತೆ. ಆ ನಗು ಅವರಿಗೆ ಮಾತ್ರ ಗೊತ್ತಿರುವುದು ಅಂದುಕೊಂಡಿದ್ದರಂತೆ. ಮುಂದೆ ನಮಗೆ ಏನು ನೋಯಿಸುತ್ತೆ, ಎಷ್ಟು ದಿನ ನೋಯಿಸುತ್ತೆ ಅನ್ನುವುದನ್ನು ನಾವೇ ಸರಿಯಾಗಿ ಊಹಿಸಲಾರೆವು ಅಂತ ಡ್ಯಾನಿಯಲ್ ಗಿಲ್ಬರ್ಟ್, ತಿಮೊತಿ ವಿಲ್ಸನ್ ಎಂಬ ಮನಶ್ಶಾಸ್ತ್ರಜ್ಞರು ಹಲವು ಪ್ರಯೋಗಗಳಲ್ಲಿ ತೋರಿಸಿದ್ದಾರೆ. ಅದನ್ನು ನಾನು ಎಷ್ಟೋ ಸಲ ಓದಿದ್ದೆ. ಮನೆಯಲ್ಲಿ ನೋಡಿದ್ದು ಆಗಲೇ.

ಮೂರನೇ ತಿಂಗಳಲ್ಲಿ ಕೇಳಿದ್ದರೆ ನಮ್ಮ ಲೆಕ್ಕ ‘ನಿಲ್ಲಿಸಿ’ ಅನ್ನುತ್ತಿತ್ತು. ಎಂಟನೇ ತಿಂಗಳಲ್ಲಿ ‘ನಡೀಲಿ’ ಅನ್ನುತ್ತಿತ್ತು. ಯಾವಾಗ ಕೇಳುತ್ತೀರಿ ಅನ್ನುವುದು ಅಷ್ಟು ಮುಖ್ಯ. 2021ರಲ್ಲಿ ಒಂದು ಒಳ್ಳೆಯ ಅಧ್ಯಯನ ಬಂತು. ಸಂಬಂಧವನ್ನು ಮುಕ್ತ ಮಾಡುವ ಯೋಚನೆಯಲ್ಲಿದ್ದ 233 ಜನರನ್ನು ಮೊದಲು ಒಮ್ಮೆ, ಆಮೇಲೆ ಒಮ್ಮೆ ಕೇಳಿದ್ದರು. ಮುಕ್ತ ಮಾಡಿಕೊಂಡವರ ಲೈಂಗಿಕ ತೃಪ್ತಿ ಹೆಚ್ಚಿತ್ತು. ಸಂಬಂಧದ ಗುಣಮಟ್ಟದಲ್ಲಿ, ಬದುಕಿನ ತೃಪ್ತಿಯಲ್ಲಿ ಅಂಥ ವ್ಯತ್ಯಾಸ ಇರಲಿಲ್ಲ. ಮೊದಲೂ ಆಮೇಲೂ ಕೇಳಿದ್ದಾರಲ್ಲ, ಆ ಕಾರಣಕ್ಕೆ ನನಗೆ ಇದರ ಮೇಲೆ ಗೌರವ ಜಾಸ್ತಿ. ಆದರೆ ಅದರ ಅವಧಿ ತಿಂಗಳುಗಳ ಲೆಕ್ಕದ್ದು, ವರ್ಷಗಳದ್ದಲ್ಲ.

ನಮ್ಮ ಲೆಕ್ಕದಲ್ಲೂ ಒಂದು ದೊಡ್ಡ ತೂತು ಇತ್ತು. ಅದು ನನಗೆ ಕಂಡಿದ್ದು 14ನೇ ತಿಂಗಳಲ್ಲಿ, ಆ ಇನ್ನೊಬ್ಬರು ಸಂಬಂಧ ಮುಗಿಸಿದಾಗ. ಜಗಳ ಏನಿರಲಿಲ್ಲ. ನೋಟ್‌ಬುಕ್ ವಿಷಯ ನಾನೇ ಅವರಿಗೆ ಹೆಮ್ಮೆಯಿಂದ ಹೇಳಿದ್ದೆ. ಕೊನೆಯ ಗುರುವಾರ ಅವರು ಕೇಳಿದರು, ‘ನನ್ನ ಬಗ್ಗೆ ಇಬ್ಬರು ವಾರವಾರ ಬರೀತಾರೆ. ನನಗೊಂದು ಪುಸ್ತಕ ಯಾಕಿಲ್ಲ?’ ನನ್ನ ಹತ್ತಿರ ಉತ್ತರ ಇರಲಿಲ್ಲ. ಹಬ್ಬಕ್ಕೆ ಅವರು ಒಂಟಿ. ಜ್ವರ ಬಂದರೆ ಗುರುವಾರದವರೆಗೆ ಕಾಯಬೇಕು. ಮನೆಯವರಿಗೆ ನನ್ನ ಬಗ್ಗೆ ಹೇಳುವ ಹಾಗಿಲ್ಲ. ಒಂದು ವರ್ಷ ಇದನ್ನೆಲ್ಲ ಅವರು ನುಂಗಿಕೊಂಡಿದ್ದರು.

ಇದೂ ಪೇಪರಿನಲ್ಲಿ ಇತ್ತು, ಸಂಪಾದಕರೇ. ರೋಂಡಾ ಬಾಲ್ಜರಿನಿ ಮತ್ತು ಸಂಗಡಿಗರ 2017ರ ಅಧ್ಯಯನ. ಪಾಲಿಅಮೊರಿಯಲ್ಲಿದ್ದ 1,308 ಜನ ತಮ್ಮ ಮುಖ್ಯ ಸಂಗಾತಿ ಮತ್ತು ಎರಡನೇ ಸಂಗಾತಿ ಬಗ್ಗೆ ಉತ್ತರ ಕೊಟ್ಟಿದ್ದರು. ಬದ್ಧತೆ, ತೃಪ್ತಿ, ಮನೆಯವರ ಒಪ್ಪಿಗೆ ಇವೆಲ್ಲ ಮುಖ್ಯ ಸಂಗಾತಿಯ ಕಡೆಗೇ ಜಾಸ್ತಿ. ಎರಡನೆಯವರ ಪಾಲಿಗೆ ಗುಟ್ಟು ಜಾಸ್ತಿ. ನಾವು ಶುರು ಮಾಡುವ ಮುಂಚೆಯೇ ಇದನ್ನು ಓದಿದ್ದೆ. ‘ಸರಿ, ಮದುವೆಗೆ ಅಪಾಯ ಇಲ್ಲ’ ಅಂತ ಅದರಿಂದ ಧೈರ್ಯ ತಂದುಕೊಂಡಿದ್ದೆ. ಆ ಅಂಕಿಯ ಇನ್ನೊಂದು ತುದಿಯಲ್ಲಿ ಒಬ್ಬ ಮನುಷ್ಯ ಇದ್ದಾನೆ ಅನ್ನುವುದು ಹೊಳೆದಿರಲಿಲ್ಲ. ಆ ಪೇಪರನ್ನು ನಾನು ಅರ್ಥ ಮಾಡಿಕೊಂಡಿದ್ದು ಅವರ ಪ್ರಶ್ನೆ ಕೇಳಿದ ಮೇಲೆ. ಅವರ ಪ್ರಶ್ನೆ ಬರೀ ಅವರೊಬ್ಬರದಲ್ಲ ಅಂತ ತಿಳಿದಿದ್ದು ಪೇಪರನ್ನು ಮತ್ತೆ ಓದಿದ ಮೇಲೆ.

ಆ ಭಾನುವಾರ ನನ್ನ ಗಂಡ 5 ಹಾಕಿದ್ದರು. ‘ಅವಳು ಅಳ್ತಿದ್ದಾಳೆ. ಇದು ಮುಗಿದ ದಿನ ನನಗೆ ಹಗುರ ಆಗುತ್ತೆ ಅಂದುಕೊಂಡಿದ್ದೆ. ಆಗಲಿಲ್ಲ.’

ಈಗ ನಾವಿಬ್ಬರೇ. ಮತ್ತೆ ಹಾಗೆ ಬದುಕುತ್ತೇವಾ ಅಂದರೆ ತೀರ್ಮಾನ ಆಗಿಲ್ಲ. ನನ್ನ ಆಸೆ ಪೂರ್ತಿ ಹೋಗಿಲ್ಲ, ಅದು ಅವರಿಗೂ ಗೊತ್ತು. ಮುಂದೆ ಅಂಥದ್ದು ಬಂದರೆ ಮೂರು ಪುಸ್ತಕ ತರಬೇಕು ಅನ್ನುವುದರಲ್ಲಿ ಮಾತ್ರ ಇಬ್ಬರಿಗೂ ಅನುಮಾನ ಇಲ್ಲ.

ಪತ್ರ ಬರೆದ ಆ ಇಬ್ಬರು ಓದುಗರಿಗೆ ಒಂದು ಮಾತು. ‘ಸಂಶೋಧನೆಯೇ ಹೇಳಿದೆ’ ಅಂದವರೇ, ನಿಮಗೆ ಇದು ಬೇಕು ಅನಿಸಿದ್ದರೆ ಆ ಪೇಪರನ್ನು ನಿಮ್ಮ ಧೈರ್ಯಕ್ಕೆ ಇಟ್ಟುಕೊಳ್ಳಿ. ಸಂಗಾತಿಯ ಬಾಯಿ ಮುಚ್ಚಿಸಲು ಬಳಸಬೇಡಿ. ನಾನು ಬಳಸಿದ್ದೆ. ಅವರ ಮೊದಲ ಮೂರು ತಿಂಗಳ ಸುಳ್ಳು ನಿದ್ದೆಗೆ ಅದೂ ಒಂದು ಕಾರಣ ಅಂತ ಈಗ ಅನಿಸುತ್ತೆ. ಅಷ್ಟು ಅಂಕಿ ಎದುರಿಗಿಟ್ಟ ಮೇಲೆ ‘ನನಗೆ ನೋವಾಗ್ತಿದೆ’ ಅನ್ನಲು ಅವರಿಗೆ ನಾಚಿಕೆಯಾಗಿರಬೇಕು. ‘ಕಣ್ಣೆದುರೇ ಮುರಿದು ಬಿತ್ತು’ ಅಂದವರೇ, ನೀವು ಕಂಡ ನೋವು ನಿಜ. ಆದರೆ ಆ ಮನೆಯಲ್ಲಿ ಯಾರು ಯಾರಿಗೆ ಯಾವಾಗ ಹೇಳಿದರು ಅಂತ ಒಮ್ಮೆ ಕೇಳಿ ನೋಡಿ.

ಸಂಪಾದಕರಿಗೆ ಒಂದು ಬೇಡಿಕೆ. ಇಂಥ ಸಂಶೋಧನೆಯ ಸುದ್ದಿ ಹಾಕುವಾಗ ಎಷ್ಟು ಜನರನ್ನು ಕೇಳಿದರು, ಅವರು ಸಿಕ್ಕಿದ್ದು ಎಲ್ಲಿ, ಬಿಟ್ಟುಹೋದವರನ್ನು ಹುಡುಕಿದರಾ, ಎಷ್ಟು ದಿನ ನೋಡಿದರು, ಸಂಬಂಧದಲ್ಲಿ ಒಬ್ಬರನ್ನು ಕೇಳಿದರಾ ಎಲ್ಲರನ್ನೂ ಕೇಳಿದರಾ ಅನ್ನುವುದನ್ನೂ ಎರಡು ಸಾಲಿನಲ್ಲಿ ಹಾಕಿ. ಭಾನುವಾರದ ಲೇಖನದಲ್ಲಿ 24,489 ಅನ್ನುವ ಅಂಕಿ ದಪ್ಪ ಅಕ್ಷರದಲ್ಲಿತ್ತು. ಈ ವಿವರಗಳು ಎಲ್ಲೂ ಇರಲಿಲ್ಲ. ಅದನ್ನು ಕತ್ತರಿಸಿ ಇವತ್ತು ಯಾರೋ ಯಾರದೋ ತಿಂಡಿ ತಟ್ಟೆಯ ಪಕ್ಕ ಇಟ್ಟಿರುತ್ತಾರೆ.

ಮೇಲೆ ಒಂದು ಕಡೆ ‘ಅವರು ನೋಡೋಣ ಅಂದರು’ ಅಂತ ಇದೆ. ಅಲ್ಲಿ ನಾನು ಮೊದಲು ‘ಒಪ್ಪಿದರು’ ಅಂತ ಬರೆದಿದ್ದೆ. ಕಳಿಸುವ ಮುಂಚೆ ಅವರಿಗೆ ಓದಲು ಕೊಟ್ಟೆ. ಪೂರ್ತಿ ಓದಿ, ಪೆನ್ಸಿಲ್ ತೆಗೆದುಕೊಂಡು ಆ ಒಂದು ಪದ ಹೊಡೆದು ಹಾಕಿದರು.

ಇತಿ,
ನಿಮ್ಮ ಓದುಗರಲ್ಲಿ ಒಬ್ಬಳು
(ದಯವಿಟ್ಟು ಹೆಸರು, ಊರು ಪ್ರಕಟಿಸಬೇಡಿ)